ಸುಮಾರು ಏಳು ಗಂಟೆ

ನಾನು ಹತ್ತು ವರ್ಷಕ್ಕೂ ಜಾಸ್ತಿ ಕಾಲ ಮೋಟಾರು ಅಪಘಾತದ ಕ್ಲೇಮುಗಳ ತನಿಖೆ ಮಾಡಿದವನು. ಪೊಲೀಸ್ ಅಲ್ಲ. ಇನ್ಶೂರೆನ್ಸ್ ಕಂಪನಿಯವರು ನಮ್ಮಂಥವರಿಗೆ ಕೆಲಸ ಒಪ್ಪಿಸುತ್ತಾರೆ. ಅಪಘಾತ ನಿಜವಾಗಿ ಆಗಿದೆಯಾ, ಆಗಿದ್ದರೆ ಹೇಳಿದ ಗಾಡಿಯಿಂದಲೇ ಆಗಿದೆಯಾ, ಡ್ರೈವರ್ ಹತ್ತಿರ ಲೈಸೆನ್ಸ್ ಇತ್ತಾ, ಪಾಲಿಸಿ ಚಾಲ್ತಿಯಲ್ಲಿತ್ತಾ ಅಂತ ನೋಡಿ ವರದಿ ಕೊಡಬೇಕು. ದಾವಣಗೆರೆಯಲ್ಲಿ ಮಹಡಿ ಮೇಲೆ ಒಂದು ಸಣ್ಣ ಆಫೀಸು. ನಾನು, ಫೀಲ್ಡಿಗೆ ಹೋಗುವ ಮೂವರು ಹುಡುಗರು, ಟೈಪಿಂಗ್ ನೋಡಿಕೊಳ್ಳುವ ಒಬ್ಬರು ಅಕ್ಕ. ಸ್ಟೇಷನ್ನು, ಆಸ್ಪತ್ರೆ, ಆರ್‌ಟಿಒ, ಕೋರ್ಟು, ಇಷ್ಟರ ಸುತ್ತ ತಿರುಗುವುದೇ ಕೆಲಸ.

ಈಗ ನಾನು ಅದೇ ಕೆಲಸಕ್ಕೆ ಸಾಫ್ಟ್‌ವೇರ್ ಬರೆಯುತ್ತೇನೆ. ಮೊದಲ ಸಲ ಬರೆದದ್ದು ಹೇಗೆ ಕೆಟ್ಟಿತು ಅನ್ನುವುದನ್ನು ಇಲ್ಲಿ ಹೇಳುತ್ತಿದ್ದೇನೆ. ಕೆಟ್ಟಿತು ಅಂದರೆ ಹ್ಯಾಂಗ್ ಆಗಲಿಲ್ಲ, ಡೇಟಾ ಕಳೆದುಹೋಗಲಿಲ್ಲ. ಚೆನ್ನಾಗಿಯೇ ಓಡಿತು. ಚೆನ್ನಾಗಿ ಓಡುತ್ತಲೇ ಒಬ್ಬ ಹಮಾಲಿಯನ್ನು ಸುಳ್ಳುಗಾರ ಅಂತ ತೋರಿಸಿತು.

ಎಕ್ಸೆಲ್ ಇದ್ದ ಕಾಲ

ಮೊದಲು ನಮ್ಮ ಹತ್ತಿರ ಇದ್ದದ್ದು ಬಾಕ್ಸ್ ಫೈಲುಗಳು, ಒಂದು ಎಕ್ಸೆಲ್ ಶೀಟು, ಮತ್ತೆ ವಾಟ್ಸ್‌ಆ್ಯಪ್. ಒಂದು ಅಪಘಾತಕ್ಕೆ ಕಡಿಮೆ ಅಂದರೂ ನಾಲ್ಕು ನಂಬರು ಇರುತ್ತವೆ. ಸ್ಟೇಷನ್ನಿನ ಗುನ್ನೆ ನಂಬರು, ಪಾಲಿಸಿ ನಂಬರು, ಕಂಪನಿಯ ಕ್ಲೇಮ್ ನಂಬರು, ಪರಿಹಾರದ ಅರ್ಜಿ ವಿಚಾರಿಸುವ ಟ್ರಿಬ್ಯೂನಲ್ಲಿನ ಎಂವಿಸಿ ನಂಬರು, ಅಂದರೆ ಆ ಅರ್ಜಿಯ ನಂಬರು. ನಾಲ್ಕೂ ಒಟ್ಟಿಗೆ ಬರುವುದಿಲ್ಲ. ಎಷ್ಟೋ ಸಲ ಕೆಲಸ ಶುರುವಾಗುವುದೇ ಒಂದು ಫೋನಿನಿಂದ: "ಹರಿಹರದ ಹತ್ರ ಹೈವೇನಲ್ಲಿ ಒಂದು ಆಗಿದೆ, ನೋಡಿಕೊಂಡು ಬಾ." ಆಗ ಕೈಯಲ್ಲಿ ಒಂದು ನಂಬರೂ ಇರುವುದಿಲ್ಲ. ಗುನ್ನೆ ನಂಬರು ಸಿಕ್ಕರೂ ಅದೊಂದರಿಂದ ಏನೂ ಆಗದು. 45ನೇ ನಂಬರು ಪ್ರತಿ ಸ್ಟೇಷನ್ನಿನಲ್ಲೂ ಪ್ರತಿ ವರ್ಷವೂ ಇರುತ್ತದೆ. ಸ್ಟೇಷನ್ ಹೆಸರು, ವರ್ಷ ಎರಡೂ ಸೇರಿದರೆ ಮಾತ್ರ ಅದು ನಂಬರು.

ಎಕ್ಸೆಲ್‌ನದ್ದು ಇನ್ನೊಂದು ತಮಾಷೆ. 12/2019 ಅಂತ ಗುನ್ನೆ ನಂಬರು ಹೊಡೆದರೆ ಅದು ತಾರೀಕು ಅಂತ ತಿಳಿದುಕೊಂಡು ಡಿಸೆಂಬರ್ 2019 ಮಾಡಿಬಿಡುತ್ತದೆ. 13/2019 ಅಂದರೆ ಸುಮ್ಮನಿರುತ್ತದೆ, ಯಾಕಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ. ಹೀಗೆ ಪ್ರತಿ ಸ್ಟೇಷನ್ನಿನ ವರ್ಷದ ಮೊದಲ ಹನ್ನೆರಡು ಗುನ್ನೆಗಳು ನಮ್ಮ ಶೀಟಿನಲ್ಲಿ ತಿಂಗಳುಗಳಾಗಿ ಕೂತಿದ್ದವು. ಹುಡುಕಿದರೆ ಸಿಗುತ್ತಿರಲಿಲ್ಲ. ನಾವು ಇಲ್ಲ ಅಂದುಕೊಂಡು ಅದೇ ಕೇಸಿಗೆ ಎರಡನೇ ಫೈಲು ತೆರೆಯುತ್ತಿದ್ದೆವು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು. ಕೋರ್ಟು ಇಲ್ಲ, ರಸ್ತೆಯಲ್ಲಿ ಗಾಡಿಯೇ ಇಲ್ಲ, ಅಪಘಾತ ಎಲ್ಲಿಂದ ಬರಬೇಕು? ಮನೆಯಲ್ಲಿ ಕೂತು ಎಕ್ಸೆಲ್‌ನ ಮ್ಯಾಕ್ರೋ ಕಲಿತೆ. ಅಲ್ಲಿಂದ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಅಲ್ಲಿಂದ ಅದರಲ್ಲಿ ವೆಬ್ ಪುಟ ಕಟ್ಟುವ ಡ್ಯಾಂಗೋ, ಡೇಟಾ ಇಡುವ ಪೋಸ್ಟ್‌ಗ್ರೆಸ್. ನಲವತ್ತರ ಹತ್ತಿರ ಬಂದವನಿಗೆ ಹೊಸ ವಿದ್ಯೆ ಹತ್ತುತ್ತದೆ ಅಂತ ಮನೆಯವರಿಗೆ ನಂಬಿಕೆ ಇರಲಿಲ್ಲ. ನನಗೂ ಇರಲಿಲ್ಲ. ಆದರೆ ತನಿಖೆ ಮಾಡಿದವನಿಗೆ ಒಂದು ಅನುಕೂಲ ಇದೆ. ಎರರ್ ಬಂದರೆ ಗಾಬರಿಯಾಗುವುದಿಲ್ಲ. ಇದು ಎಲ್ಲಿಂದ ಬಂತು, ಕೊನೆಗೆ ಯಾರು ಮುಟ್ಟಿದ್ದು ಅಂತ ಕೇಳುವುದು ಅಭ್ಯಾಸವಾಗಿರುತ್ತದೆ.

ಕೆಂಪು ನಕ್ಷತ್ರಗಳು

ಮುಂದಿನ ವರ್ಷದ ಹೊತ್ತಿಗೆ ಮೊದಲ ಆವೃತ್ತಿ ತಯಾರಾಯಿತು. ನೋಡಲು ಚೆನ್ನಾಗಿತ್ತು. ಒಂದು ಕೇಸಿಗೆ ಒಂದು ಪುಟ. ಅಪಘಾತದ ತಾರೀಕು, ಸಮಯ, ಜಾಗ, ಗಾಡಿ ನಂಬರು, ಕ್ಲೇಮ್ ನಂಬರು, ಎಲ್ಲದಕ್ಕೂ ಒಂದೊಂದು ಡಬ್ಬಿ. ಮುಖ್ಯವಾದ ಡಬ್ಬಿಗಳ ಪಕ್ಕ ಕೆಂಪು ನಕ್ಷತ್ರ. ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ.

ಈ ನಕ್ಷತ್ರಗಳನ್ನು ನಾನು ಯೋಚಿಸಿ ಹಾಕಿದ್ದಲ್ಲ ಅನ್ನುವುದು ಆಮೇಲೆ ಹೊಳೆಯಿತು. ಡ್ಯಾಂಗೋದಲ್ಲಿ ಒಂದು ಡಬ್ಬಿ ಮಾಡಿದರೆ ಅದು ತಾನಾಗಿಯೇ ಕಡ್ಡಾಯ. ಖಾಲಿ ಬಿಟ್ಟರೂ ನಡೆಯುತ್ತದೆ ಅನ್ನಬೇಕಿದ್ದರೆ ನಾವೇ ಬೇರೆ ಬರೆಯಬೇಕು. ಕಲಿಯುವಾಗ ನೋಡಿದ ಪಾಠಗಳಲ್ಲೂ ಹಾಗೆಯೇ ಇತ್ತು. ಖಾಲಿ ಡಬ್ಬಿ ಅಂದರೆ ಕೊಳಕು ಡೇಟಾ, ಬಿಡಬೇಡಿ. ನನಗೂ ಅದು ಸರಿ ಅನ್ನಿಸಿತು. ಹುಡುಗರು ಅರ್ಧಂಬರ್ಧ ತುಂಬಿ ಬಿಡುತ್ತಿದ್ದ ಎಕ್ಸೆಲ್ ಶೀಟಿನ ಮೇಲೆ ನನಗೆ ಅಷ್ಟು ಸಿಟ್ಟಿತ್ತು.

ಜೊತೆಗೆ ಒಂದು ಜಾಣತನ ಬೇರೆ ಮಾಡಿದ್ದೆ. ತಾರೀಕು, ಸಮಯಗಳನ್ನು ಸಾಫ್ಟ್‌ವೇರೇ ಹೋಲಿಸಿ ನೋಡುತ್ತಿತ್ತು. ಅಪಘಾತಕ್ಕಿಂತ ಮೊದಲೇ ಪಾಲಿಸಿ ಮುಗಿದಿದ್ದರೆ, ದೂರು ತಡವಾಗಿದ್ದರೆ, ಆಸ್ಪತ್ರೆಯ ಸಮಯ ಅಪಘಾತಕ್ಕಿಂತ ಹಿಂದೆ ಇದ್ದರೆ, ಪುಟದ ಮೇಲೆ ಕೆಂಪು ಪಟ್ಟಿ ಬರುತ್ತಿತ್ತು. ಆ ಪಟ್ಟಿಯ ವಾಕ್ಯ ನೇರವಾಗಿ ವರದಿಗೂ ಹೋಗುತ್ತಿತ್ತು. ಇದನ್ನು ಕಂಪನಿಯವರಿಗೆ ತೋರಿಸಿದಾಗ ಅವರು ಖುಷಿಯಾದರು. ನಾನೂ ಬೀಗಿದೆ.

ಆ ಕೇಸು

ಒಂದು ಜೂನ್ ತಿಂಗಳು. ಎಪಿಎಂಸಿಯಲ್ಲಿ ಚೀಲ ಹೊರುವ ಒಬ್ಬ ಹಮಾಲಿ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದರು. ಹಿಂದಿನಿಂದ ಲಗೇಜ್ ಆಟೋ ಹೊಡೆಯಿತು. ತೊಡೆ ಮೂಳೆ ಮುರಿಯಿತು. ದಾರಿಯಲ್ಲಿದ್ದವರು ಆಸ್ಪತ್ರೆಗೆ ಸಾಗಿಸಿದರು. ಅವರ ತಮ್ಮ ಮಾರನೇ ದಿನ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟ. ಮೊದಲ ರಾತ್ರಿ ಎಲ್ಲರೂ ಆಸ್ಪತ್ರೆಯಲ್ಲೇ ಇದ್ದರು, ದೂರು ಯಾರು ಕೊಡಬೇಕು?

ಕಂಪನಿಗೆ ಇಂಥ ಕೇಸುಗಳಲ್ಲಿ ಒಂದು ಅನುಮಾನ ಇದ್ದೇ ಇರುತ್ತದೆ. ಎಲ್ಲೋ ಬಿದ್ದು ಪೆಟ್ಟು ಮಾಡಿಕೊಂಡು, ಆಮೇಲೆ ಇನ್ಶೂರೆನ್ಸ್ ಇರುವ ಗಾಡಿಯೊಂದನ್ನು ಹುಡುಕಿ ಅದೇ ಗುದ್ದಿತು ಅಂತ ಹೇಳುವುದುಂಟು. ನಮ್ಮ ಭಾಷೆಯಲ್ಲಿ "ಗಾಡಿ ಹಾಕಿಸಿದ್ದಾರೆ" ಅನ್ನುತ್ತೇವೆ. ನಿಜಕ್ಕೂ ಅಂಥವನ್ನು ನಾನು ಹಿಡಿದಿದ್ದೇನೆ. ದೂರು ಒಂದು ದಿನ ತಡವಾದರೆ ಸಾಕು, ಕಿವಿ ನೆಟ್ಟಗಾಗುತ್ತದೆ.

ನಮ್ಮ ಹುಡುಗ ಹೋಗಿ ಎಲ್ಲ ಸರಿಯಾಗಿಯೇ ಮಾಡಿಕೊಂಡು ಬಂದ. ಎಫ್‌ಐಆರ್, ಸ್ಪಾಟ್ ಮಹಜರು, ವೂಂಡ್ ಸರ್ಟಿಫಿಕೇಟು, ಮೋಟಾರು ವಾಹನ ಇನ್ಸ್‌ಪೆಕ್ಟರು ಗಾಡಿ ನೋಡಿ ಕೊಡುವ ಐಎಂವಿ ರಿಪೋರ್ಟಿನ ನಕಲು, ಪೊಲೀಸ್ ಕೇಸಾಗಬಹುದಾದ ಗಾಯಾಳುಗಳನ್ನು ಆಸ್ಪತ್ರೆಯಲ್ಲಿ ಬರೆದಿಡುವ ಎಂಎಲ್‌ಸಿ ರಿಜಿಸ್ಟರಿನ ವಿವರ, ಟೀ ಅಂಗಡಿಯವನ ಹೇಳಿಕೆ. ರಾತ್ರಿ ಕೂತು ಫೋನಿನಲ್ಲೇ ಡಬ್ಬಿಗಳನ್ನು ತುಂಬಿದ. ಎಫ್‌ಐಆರ್‌ನಲ್ಲಿ "ಸಂಜೆ ಸುಮಾರು 7 ಗಂಟೆಗೆ" ಅಂತ ಇತ್ತು. ಸಮಯದ ಡಬ್ಬಿಗೆ ಗಂಟೆ, ನಿಮಿಷ ಎರಡೂ ಬೇಕು. ಅವನು 7.00 ಅಂತ ಹೊಡೆದ. ಎಂಎಲ್‌ಸಿ ರಿಜಿಸ್ಟರಿನಲ್ಲಿ ಗಾಯಾಳು ಬಂದ ಹೊತ್ತು 6.50. ಅದನ್ನೂ ಹೊಡೆದ.

ಕೆಂಪು ಪಟ್ಟಿ ಬಂತು. "ಅಪಘಾತದ ಸಮಯಕ್ಕಿಂತ 10 ನಿಮಿಷ ಮೊದಲೇ ಆಸ್ಪತ್ರೆಗೆ ದಾಖಲು." ಅದರ ಕೆಳಗೆ ಇನ್ನೊಂದು. "ದೂರು ಒಂದು ದಿನ ತಡ." ಎರಡೂ ವರದಿಗೆ ಹೋದವು. ನಾನು ಸಹಿ ಹಾಕಿದೆ. ಹಾಕುವ ಮುಂಚೆ ಫೈಲು ಬಿಚ್ಚಿ ನೋಡಿದೆನಾ? ಇಲ್ಲ. ಪುಟ ನೋಡಿದೆ. ಹತ್ತು ವರ್ಷ ಫೈಲನ್ನು ನೋಡದೆ ಸಹಿ ಹಾಕದ ಮನುಷ್ಯ, ನಾನೇ ಬರೆದ ಪುಟವನ್ನು ಕಣ್ಣು ಮುಚ್ಚಿ ನಂಬಿದೆ.

ಸಾಮಾನ್ಯವಾಗಿ ಇಂಥ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಗಿಯುತ್ತದೆ. ಎರಡೂ ಕಡೆಯವರು ಕೂತು ಒಂದು ಮೊತ್ತಕ್ಕೆ ಒಪ್ಪುತ್ತಾರೆ. ಈ ಕೇಸಿನಲ್ಲಿ ಕಂಪನಿ ರಾಜಿಗೆ ಒಪ್ಪಲಿಲ್ಲ. ನಮ್ಮ ವರದಿ ಇತ್ತಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗಿನ ಅರ್ಜಿ ಪೂರ್ತಿ ವಿಚಾರಣೆಗೆ ಹೋಯಿತು. ನನ್ನನ್ನು ಕಂಪನಿಯ ಕಡೆ ಸಾಕ್ಷಿಯಾಗಿ ಕರೆದರು.

ಅರ್ಜಿದಾರರ ವಕೀಲರು ವಯಸ್ಸಾದವರು. ಪಾಟೀಸವಾಲಿನಲ್ಲಿ ದನಿ ಏರಿಸಲಿಲ್ಲ.

"ನಿಮ್ಮ ವರದಿಯಲ್ಲಿ ಅಪಘಾತ 7 ಗಂಟೆ 00 ನಿಮಿಷಕ್ಕೆ ಅಂತ ಇದೆ. ಯಾರು ಹೇಳಿದ್ದು?"

"ಎಫ್‌ಐಆರ್‌ನಲ್ಲಿ ಇದೆ ಸ್ವಾಮಿ."

"ಓದಿ."

ಓದಿದೆ. ಓದುತ್ತಿದ್ದಂತೆಯೇ ನನಗೆ ಗೊತ್ತಾಯಿತು.

"ಸುಮಾರು ಅಂತ ಇದೆಯಲ್ಲ. ನಿಮ್ಮ ವರದಿಯಲ್ಲಿ ಆ ಸುಮಾರು ಎಲ್ಲಿ ಹೋಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರು ನನ್ನದೇ ಫೈಲಿನಲ್ಲಿದ್ದ ಟೀ ಅಂಗಡಿಯವನ ಹೇಳಿಕೆ ತೆಗೆಸಿದರು. ಹುಡುಗ ಕೈಯಲ್ಲಿ ಬರೆದುಕೊಂಡು ಬಂದದ್ದು. "ದೀಪ ಹಚ್ಚೋ ಹೊತ್ತು, ಮೋಡ ಬೇರೆ ಕವುಕೊಂಡಿತ್ತು." ಜೂನ್ ತಿಂಗಳಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದು ಏಳರ ಆಸುಪಾಸು. ಮೋಡ ಇದ್ದರೆ ಆರೂವರೆಗೇ ದೀಪ ಹಚ್ಚುತ್ತಾರೆ. ಆರೂವರೆಗೆ ಪೆಟ್ಟಾದವರು 6.50ಕ್ಕೆ ಆಸ್ಪತ್ರೆಗೆ ಬಂದದ್ದರಲ್ಲಿ ಏನು ಅನುಮಾನ?

ಟ್ರಿಬ್ಯೂನಲ್ ಕಂಪನಿಯ ವಾದ ಒಪ್ಪಲಿಲ್ಲ. ಹಮಾಲಿಗೆ ಪರಿಹಾರ ಸಿಕ್ಕಿತು. ಆದರೆ ಅದಾಲತ್‌ನಲ್ಲಿ ಒಂದು ದಿನದಲ್ಲಿ ಮುಗಿಯಬೇಕಿದ್ದದ್ದು ಎಷ್ಟೋ ತಾರೀಕುಗಳವರೆಗೆ ಎಳೆಯಿತು. ಆ ತಾರೀಕುಗಳಿಗೆಲ್ಲ ಅವರು ಊರುಗೋಲು ಹಿಡಿದು ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ನಾನೂ ಅದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದೆ. ಮುಖ ಕೊಟ್ಟು ಮಾತಾಡಲು ಆಗಲಿಲ್ಲ.

ಹುಡುಗನನ್ನು ಕೇಳಿದೆ

ಆಫೀಸಿಗೆ ಬಂದು ಹುಡುಗನ ಮೇಲೆ ರೇಗಿದೆ. ಸುಮಾರು ಅಂತ ಇದ್ದದ್ದನ್ನು ಯಾಕೆ ಬಿಟ್ಟೆ ಅಂತ.

"ಎಲ್ಲಿ ಹಾಕ್ಲಿ ಅಣ್ಣಾ? ಡಬ್ಬಿ ತಗಳಲ್ಲ. ಖಾಲಿ ಬಿಟ್ರೆ ಕೆಂಪಗಾಗ್ತದೆ, ಮುಂದಕ್ಕೆ ಬಿಡಂಗಿಲ್ಲ. ಏನೋ ಒಂದು ಹಾಕ್ಲೇಬೇಕಲ್ಲ."

ಆ ರಾತ್ರಿ ಡೇಟಾಬೇಸ್ ತೆಗೆದು ಕೂತೆ. ನೋಡುತ್ತಾ ಹೋದಂತೆ ನಗುವೂ ಬಂತು, ನಾಚಿಕೆಯೂ ಆಯಿತು. ಕ್ಲೇಮ್ ನಂಬರು ಇನ್ನೂ ಬಾರದ ಕೇಸುಗಳಲ್ಲೆಲ್ಲ ಸಾಲು ಸಾಲು ಸೊನ್ನೆ. ಸಾಕ್ಷಿಯ ಫೋನ್ ನಂಬರು ಸಿಗದ ಕಡೆ ಹತ್ತು ಒಂಬತ್ತುಗಳು. ಹುಟ್ಟಿದ ತಾರೀಕು ಗೊತ್ತಿಲ್ಲದ ಹಿರಿಯರೆಲ್ಲ ಜನವರಿ 1ರಂದು ಹುಟ್ಟಿದ್ದರು. ಅಪಘಾತದ ಸಮಯ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಸರಿಯಾಗಿ ಗಂಟೆಗೋ ಅರ್ಧ ಗಂಟೆಗೋ ಆಗಿವೆ. ಅಪಘಾತಗಳೇನು ಬಸ್ ಟೈಮಿನಂತೆ ಆಗುತ್ತವಾ?

ಬಲವಂತವಾಗಿ ಪಡೆದ ಹೇಳಿಕೆಗೆ ಬೆಲೆ ಇಲ್ಲ ಅನ್ನುವುದು ತನಿಖೆಯ ಮೊದಲ ಪಾಠ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 23ನೇ ಕಲಂನಲ್ಲಿದೆ. ಕಾರಣ ಎಲ್ಲರಿಗೂ ಗೊತ್ತು. ಬಿಡುವುದಿಲ್ಲ ಅಂದರೆ ಮನುಷ್ಯ ಬಿಡುವಂಥದ್ದೇನೋ ಹೇಳುತ್ತಾನೆ. ಇದನ್ನು ಬಾಯಿಪಾಠ ಮಾಡಿದ್ದ ನಾನು, ಉತ್ತರ ಹೇಳುವವರೆಗೂ ಬಿಡದ ಪುಟ ಒಂದನ್ನು ಕಟ್ಟಿ, ನನ್ನ ಹುಡುಗರನ್ನೇ ಅದರ ಮುಂದೆ ಕೂರಿಸಿದ್ದೆ.

ದೊಡ್ಡವರೂ ಇಂಥ ಗುಂಡಿಗೆ ಬಿದ್ದಿದ್ದಾರೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಸರಣಿ ಕೊಲೆಗಳ ಕಥೆ ತನಿಖೆಯ ಸಾಫ್ಟ್‌ವೇರ್ ಮಾಡುವವರೆಲ್ಲ ಓದುವಂಥದ್ದು. 1975ರಿಂದ 1980ರವರೆಗೆ ಪೀಟರ್ ಸಟ್‌ಕ್ಲಿಫ್ 13 ಮಹಿಳೆಯರನ್ನು ಕೊಂದ. ಪೊಲೀಸರು ಅವನನ್ನು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. ಎಲ್ಲ ವಿವರ ಕಾರ್ಡುಗಳಲ್ಲಿತ್ತು, ಒಂದು ಕಾರ್ಡಿಗೆ ಇನ್ನೊಂದು ಜೋಡಣೆಯಾಗಲಿಲ್ಲ. ಅದರಿಂದಲೇ ಆಮೇಲೆ ಹೋಮ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು ಅಂತ ಹೇಳುತ್ತಾರೆ, ಅದು ನಿಜವೇ. ಆದರೆ ನನಗೆ ಅದಕ್ಕಿಂತ ನಾಟಿದ್ದು 1979ರ ಆ ಟೇಪು. ಕೊಲೆಗಾರ ನಾನೇ ಅಂತ ಯಾರೋ ಒಬ್ಬ ದನಿ ಮುದ್ರಿಸಿ ಕಳಿಸಿದ. ಮಾತಿನ ಧಾಟಿ ಸಂಡರ್‌ಲ್ಯಾಂಡ್ ಕಡೆಯದು. ಪೊಲೀಸರು ಅದನ್ನು ನಂಬಿದರು. ಆ ಧಾಟಿ ಇಲ್ಲದವರನ್ನು ಬಿಡುತ್ತಾ ಹೋದರು. ಸಟ್‌ಕ್ಲಿಫ್ ಬ್ರಾಡ್‌ಫರ್ಡ್‌ನವನು. ಟೇಪು ಕಳಿಸಿದವನು ಬರೀ ಕಿಡಿಗೇಡಿ, ಅವನಿಗೆ ಶಿಕ್ಷೆಯಾದದ್ದು 2006ರಲ್ಲಿ. ಕಾರ್ಡುಗಳ ಬದಲು ಕಂಪ್ಯೂಟರ್ ಇದ್ದಿದ್ದರೆ? ಧಾಟಿ ಅಂತ ಒಂದು ಡಬ್ಬಿ ಇರುತ್ತಿತ್ತು, ಅದರಲ್ಲಿ ಸಂಡರ್‌ಲ್ಯಾಂಡ್ ಅಂತ ಇರುತ್ತಿತ್ತು. ಬಿಡಬಾರದವನನ್ನು ಇನ್ನೂ ಬೇಗ ಬಿಡುತ್ತಿದ್ದರು ಅಷ್ಟೇ.

ಎರಡನೇ ಸಲ

ಎಲ್ಲ ಕೆಂಪು ನಕ್ಷತ್ರಗಳನ್ನೂ ಕಿತ್ತೆ. ಈಗ ಕೇಸು ತೆರೆಯಲು ಬೇಕಿರುವುದು ಒಂದೇ ಸಾಲು: ಯಾರು ಏನು ಹೇಳಿ ಈ ಕೆಲಸ ಬಂತು. ಅದೂ ಹೇಗಿದ್ದರೆ ಹಾಗೆ. "ಹರಿಹರದ ಹತ್ರ ಒಂದು ಆಗಿದೆಯಂತೆ" ಅಂದರೂ ಸಾಕು. ನಂಬರುಗಳು ಬಂದ ಹಾಗೆ ಒಂದೊಂದಾಗಿ ಅಂಟಿಕೊಳ್ಳುತ್ತವೆ. ಒಂದು ಅಪಘಾತಕ್ಕೆ ಮೂರು ಗಾಯಾಳುಗಳಿದ್ದರೆ ಮೂರು ಎಂವಿಸಿ ನಂಬರು ಅಂಟುತ್ತವೆ. ಮೊದಲ ಆವೃತ್ತಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಒಂದು ಕ್ಲೇಮು ಅಂದರೆ ಒಂದು ಕೇಸು ಅಂತ ಕಟ್ಟಿದ್ದೆ. ಟ್ರಿಬ್ಯೂನಲ್ಲಿನಲ್ಲಿ ಅವನ್ನೆಲ್ಲ ಸೇರಿಸಿ ಒಟ್ಟಿಗೆ ವಿಚಾರಣೆ ಮಾಡುವುದನ್ನು ಎಷ್ಟು ಸಲ ನೋಡಿದ್ದೆ! ಕೀಬೋರ್ಡ್ ಮುಂದೆ ಕೂತ ಕೂಡಲೇ ಮರೆತುಹೋಗಿತ್ತು.

ಸಮಯದ ಡಬ್ಬಿ ಹೋಗಿ ಅದರ ಜಾಗದಲ್ಲಿ ಹೇಳಿಕೆಗಳ ಪಟ್ಟಿ ಬಂತು. ಆ ಹಮಾಲಿಯ ಕೇಸನ್ನೇ ಮತ್ತೆ ಹಾಕಿ ನೋಡಿದೆ. ಎಫ್‌ಐಆರ್: "ಸಂಜೆ ಸುಮಾರು 7 ಗಂಟೆಗೆ", ಹೇಳಿದ್ದು ತಮ್ಮ, ಅವನು ಸ್ಥಳದಲ್ಲಿ ಇರಲಿಲ್ಲ. ಟೀ ಅಂಗಡಿ: "ದೀಪ ಹಚ್ಚೋ ಹೊತ್ತು", ಕಣ್ಣಾರೆ ಕಂಡವನು. ಎಂಎಲ್‌ಸಿ: 6.50, ಆಸ್ಪತ್ರೆಯ ರಿಜಿಸ್ಟರು. ಪ್ರತಿ ಸಾಲಿನಲ್ಲೂ ಅವರು ಆಡಿದ ಮಾತು ಹಾಗೇ ಇರುತ್ತದೆ. ಪಕ್ಕದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅಂತ ಒಂದು ಅಂದಾಜು. ಸುಮಾರು 7 ಅಂದರೆ ಆರೂವರೆಯಿಂದ ಏಳೂವರೆ, ದೀಪ ಹಚ್ಚೋ ಹೊತ್ತು ಅಂದರೆ ಆರೂಕಾಲರಿಂದ ಏಳೂಕಾಲು. ಈ ಅಂದಾಜಿನ ಯಾವ ತುದಿಯೂ ಇನ್ನೊಂದಕ್ಕೆ ಹೊಂದದಿದ್ದರೆ ಮಾತ್ರ ಸಾಫ್ಟ್‌ವೇರ್ ಬಾಯಿ ತೆರೆಯಬೇಕು. ಈ ಕೇಸಿನಲ್ಲಿ ಅದು ಸುಮ್ಮನೆ ಕೂತಿತು. ಆಗಲೇ ಹೀಗೆ ಕೂತಿದ್ದರೆ ಆ ಮನುಷ್ಯ ಅಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಬೇಕಿರಲಿಲ್ಲ.

ಖಾಲಿ ಬಿಡುವುದನ್ನೂ ನಾಲ್ಕು ಮಾಡಿದೆ. ಇನ್ನೂ ಕೇಳಿಲ್ಲ. ಕೇಳಿದೆ, ಅವರಿಗೆ ಗೊತ್ತಿಲ್ಲ. ಕೇಳಿದೆ, ಹೇಳಲಿಲ್ಲ. ಕಾಗದ ಇದೆ ಅಂದರು, ಕೈಗೆ ಸಿಕ್ಕಿಲ್ಲ. ಹೊರಗಿನವರಿಗೆ ಇವೆಲ್ಲ ಒಂದೇ ಖಾಲಿ ಡಬ್ಬಿ. ಆದರೆ ಲೈಸೆನ್ಸ್ ತೋರಿಸು ಅಂದಾಗ ಡ್ರೈವರ್ "ಗೊತ್ತಿಲ್ಲ" ಅನ್ನುವುದಕ್ಕೂ ಮುಖ ತಿರುಗಿಸಿಕೊಂಡು ಹೋಗುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ, ಅಲ್ವಾ? ಹಳೇ ಕೈಬರಹದ ಡೈರಿಯಲ್ಲಿ ನಾವು ಇದನ್ನು ಬರೆಯುತ್ತಿದ್ದೆವು. ನಾಲ್ಕನೆಯದು ಇಡೀ ಆಫೀಸಿನ ಕೆಲಸ ಬದಲಿಸಿತು. ಬೆಳಿಗ್ಗೆ ಅಕ್ಕ "ಸಿಕ್ಕಿಲ್ಲ" ಅನ್ನುವ ಪಟ್ಟಿ ತೆಗೆದು ಓದಿದರೆ ಅದೇ ಅವತ್ತಿನ ಫೀಲ್ಡ್ ಕೆಲಸ.

ಅಳಿಸುವ ಬಟನ್ ಇಲ್ಲ. ತಪ್ಪಾದರೆ ಗೆರೆ ಹೊಡೆದು ಪಕ್ಕದಲ್ಲಿ ಸರಿ ಬರೆಯಬೇಕು, ಗೆರೆಯ ಕೆಳಗಿನದು ಓದಲು ಬರಬೇಕು. ಪೊಲೀಸರ ಕೇಸ್ ಡೈರಿ ಪುಟ ಸಂಖ್ಯೆ ಹಾಕಿದ ಸಂಪುಟವಾಗಿರಬೇಕು ಅಂತ ಕಾನೂನೇ ಹೇಳುತ್ತದೆ, ಬಿಡಿ ಹಾಳೆ ನಡೆಯದು. ಅದೇ ಬುದ್ಧಿ ಇದು.

ಹೆಸರಿನ ಗೋಳು ಬೇರೆಯೇ ಇದೆ. ಎಫ್‌ಐಆರ್‌ನಲ್ಲಿ ಮಂಜುನಾಥ, ಆಸ್ಪತ್ರೆಯಲ್ಲಿ ಮಂಜು, ಊರಲ್ಲಿ ಮಂಜಪ್ಪ. ಮೂರೂ ಒಬ್ಬನೇ ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡಬಾರದು, ಮನುಷ್ಯನೇ ಜೋಡಿಸಿ ಯಾಕೆ ಅಂತ ಬರೆಯಬೇಕು. ಆದರೆ ಕೊಟ್ರೇಶ ಅನ್ನುವ ಹೆಸರು ನನ್ನನ್ನು ಎರಡು ದಿನ ಕಾಡಿತು. ನಮ್ಮ ಸೀಮೆಯಲ್ಲಿ ಬೀದಿಗೊಬ್ಬ ಕೊಟ್ರೇಶ. ಪರದೆಯ ಮೇಲೆ ಎರಡು ಕೊಟ್ರೇಶ ಕಾಣುತ್ತಿದೆ, ಹುಡುಕಿದರೆ ಒಂದೇ ಸಿಗುತ್ತಿದೆ. ಕೊನೆಗೆ ತಿಳಿಯಿತು. ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಯುನಿಕೋಡ್ ಪದ್ಧತಿಯಲ್ಲಿ "ಕೊ"ದ ಒ ಕಾರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎ ಕಾರ ಮತ್ತು ಊ ಕಾರದ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಉಳಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಒಂದು ಸಾಲು ಪೈಥಾನ್‌ನಲ್ಲೇ ಸಿಗುತ್ತದೆ. ಇನ್ನು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪಾದ ಕಾಗದ ಬಂದರೆ, ಕಾಪಿ ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಅದನ್ನು ಬೇರೆ ಪರಿವರ್ತಿಸಿಕೊಳ್ಳಬೇಕು.

ಫೋಟೋಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ತೆಗೆದ ಹೊತ್ತು, ಜಾಗದ ವಿವರ ಅದರೊಳಗಿಂದ ಹೋಗಿಬಿಡುತ್ತದೆ. ಅದಕ್ಕೆ ಈಗ ಹುಡುಗರು ಮೂಲ ಫೈಲನ್ನೇ ನೇರ ಏರಿಸುತ್ತಾರೆ, ಬಂದ ಕ್ಷಣವೇ ಅದರ ಹ್ಯಾಶ್, ಅಂದರೆ ಫೈಲು ಚೂರು ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥ ಸಂಕೇತ, ಲೆಕ್ಕವಾಗಿ ಕೂರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಕೊಡುವ ಸರ್ಟಿಫಿಕೇಟಿನಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಗಾಯಾಳುಗಳ ಆಸ್ಪತ್ರೆ ಕಾಗದಗಳು ನಾಲ್ಕು ಜನರ ಫೋನಿನಲ್ಲಿ ಬಿದ್ದಿರುವುದೂ ಇದರಿಂದ ತಪ್ಪಿತು.

ಇನ್ನೂ ಬಗೆಹರಿಯದ್ದು

ಹೊಸದು ನಿಧಾನ. ಹಳೆಯದರಲ್ಲಿ ಕಾಲು ಗಂಟೆಗೆ ಮುಗಿಯುತ್ತಿದ್ದ ಕೇಸು ಈಗ ಮುಕ್ಕಾಲು ಗಂಟೆ ತಿನ್ನುತ್ತದೆ. ಫೀಲ್ಡಿನಲ್ಲಿ ಸಿಗ್ನಲ್ ಇಲ್ಲದ ಕಡೆ ಇಬ್ಬರು ಒಂದೇ ಕೇಸಿಗೆ ಬರೆದರೆ ಎರಡೂ ಸಾಲು ಉಳಿಯುತ್ತವೆ, ಅದು ನನಗೆ ಇಷ್ಟ, ಅಕ್ಕನಿಗೆ ಕಿರಿಕಿರಿ. "ಸರ್, ಮೊದ್ಲಿಂದೇ ಚಂದ ಇತ್ತು, ಎಲ್ಲ ಒಂದೇ ಪುಟದಾಗೆ ಕಾಣ್ತಿತ್ತು" ಅಂತ ಅವರು ಈಗಲೂ ಹೇಳುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ನನ್ನ ಕೈಯಲ್ಲಿಲ್ಲ. ವರದಿ ಕೊನೆಗೆ ಹೋಗುವುದು ಕಂಪನಿಯ ಪೋರ್ಟಲ್‌ಗೆ. ಅಲ್ಲಿ ಅಪಘಾತದ ಸಮಯಕ್ಕೆ ಒಂದು ಡಬ್ಬಿ ಇದೆ, ಗಂಟೆ ನಿಮಿಷ ಎರಡೂ ಬೇಕು, ಪಕ್ಕದಲ್ಲಿ ಕೆಂಪು ನಕ್ಷತ್ರ. ಬದಲಿಸಿ ಅಂತ ಎರಡು ಸಲ ಬರೆದೆ. ಆ ತರಹದ ಡಬ್ಬಿ ಬದಲಿಸಲು ಯಾರ ಒಪ್ಪಿಗೆ ಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಹಾಗಾಗಿ ಅಕ್ಕ ಪ್ರತಿ ಕೇಸಿನಲ್ಲೂ ಅಲ್ಲಿ 7.00 ಅಂತಲೋ 8.30 ಅಂತಲೋ ಹೊಡೆಯುತ್ತಾರೆ. ಆಮೇಲೆ ಕೆಳಗಿನ ಷರಾ ಡಬ್ಬಿಗೆ ಹೋಗುತ್ತಾರೆ. ಅದು ಕನ್ನಡ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ "ಸುಮಾರು" ಅಂತ ಕುಟ್ಟಿ ಕಳಿಸುತ್ತಾರೆ.